ಆರು ಒಂಬತ್ತಾದ ಸುಳಿಕೋಟೆ: ಚಿತ್ರವಿಮರ್ಶಕರಿಗೊಂದು ಅಹವಾಲು

ಸಂತೆಮಾಳ, ಅರಕಲಗೂಡು
ಫೆಬ್ರವರಿ ೧೯೬೧

ಹಾಸನದ ವಾರಪತ್ರಿಕೆಯಲ್ಲಿ ಚಿತ್ರವಿಮರ್ಶೆಯ ಪೀಠವನ್ನಲಂಕರಿಸಿರುವ ಶ್ರೀಮಾನ್ ಯಶೋಧರ ಅವರ ಸನ್ನಿಧಾನಕ್ಕೆ, ಟೂರಿಂಗ್ ಟಾಕೀಸಿನ ಮಾಲೀಕ ಲಕ್ಕಯ್ಯ, ಡೇರೆಯ ಹಗ್ಗಕ್ಕೆ ತಲೆ ತಗುಲದಷ್ಟು ಬಗ್ಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ನಮ್ಮನ್ನು ಹೊಗಳಿ ಬರೆದದ್ದರಿಂದ ನನಗಾದ ಖರ್ಚನ್ನು ಮೊದಲು ಒಪ್ಪಿಸಿಬಿಡುತ್ತೇನೆ, ಆಮೇಲೆ ಕ್ಷೇಮಸಮಾಚಾರ. ಮುರಿದ ಬೆಂಚು ಮೂರು. ಕಾಲು ಕಳೆದುಕೊಂಡ ಕುರ್ಚಿ ಎರಡು, ಅದರಲ್ಲೊಂದು ತಾವು ಕೂತಿದ್ದದ್ದು. ಚನ್ನರಾಯಪಟ್ಟಣದಲ್ಲಿ ಒಬ್ಬ ವಕೀಲರು ಕಲಾಭಿಮಾನದಿಂದ ಎಸೆದ ಸೋಡಾ ಬಾಟಲಿಗೆ ಹರಿದ ಪರದೆ, ಅದಕ್ಕೆ ತೇಪೆ ಹಾಕಲು ಎರಡು ಗಜ ಬಿಳಿಬಟ್ಟೆ, ದರ್ಜಿಯ ಕೂಲಿ ಬೇರೆ. ಇವಕ್ಕೆಲ್ಲ ಬಡಗಿ, ದರ್ಜಿ, ಅಂಗಡಿ ಉಂಟು. ಯಾರ ಮೇಲೂ ದೂರಿಲ್ಲ. ಇವುಗಳ ಕೊನೆಗೆ ಒಬ್ಬ ಆಪರೇಟರು ಎಂದು ಬರೆದಿದ್ದೇನೆ. ಆ ಬಾಬ್ತನ್ನು ಯಾವ ಅಂಗಡಿಯಲ್ಲಿ ಕೊಳ್ಳುವುದೆಂದು ತಿಳಿಯದೆ ತಮ್ಮ ಬಾಗಿಲಿಗೆ ಬಂದಿದ್ದೇನೆ.

ತಾವು ‘ಬೆಳ್ಳಿತೆರೆಯ ಸುತ್ತುದಾರಿಗಳು’ ಎಂಬ ಲೇಖನಮಾಲೆಯನ್ನು ಆರಂಭಿಸಿ, ದಾರಿ ತಪ್ಪಿಸುವ ಕೋಟೆ, ಸುರಂಗ, ತೋಟಗಳಿರುವ ಚಿತ್ರಗಳನ್ನೆಲ್ಲ ಹುಡುಕಿ ಹುಡುಕಿ ವಿಮರ್ಶಿಸುತ್ತಿದ್ದಾಗ, ಹೊಳೆನರಸೀಪುರದ ಕ್ಯಾಂಪಿನಲ್ಲಿ ಅದನ್ನು ವಾರವಾರವೂ ಗಟ್ಟಿಯಾಗಿ ಓದಿ ಹೇಳುತ್ತಿದ್ದವನು ನಾನೇ. ಸಿನಿಮಾ ಪೋಸ್ಟರಿನಿಂದ ಅಕ್ಷರ ಕಲಿತವನಾದ್ದರಿಂದ ನನಗೆ ದೊಡ್ಡಕ್ಷರ ಬೇಗ, ಸಣ್ಣಕ್ಷರ ನಿಧಾನ. ಆದರೂ ತಮ್ಮ ಒಂದು ಪದವನ್ನೂ ಬಿಟ್ಟಿಲ್ಲ. ಯವನ ದೇಶದಲ್ಲಿ ಗೂಳಿಯೊಂದನ್ನು ಹೊರಗೆ ಬರಲಾಗದ ಕಟ್ಟಡದಲ್ಲಿ ಕೂಡಿಹಾಕಿದ್ದರೆಂದು ತಾವು ಪೀಠಿಕೆ ಹಾಕಿದಿರಿ. ತುಡುಗು ಗೂಳಿಯನ್ನು ದೊಡ್ಡಿಗೆ ಹಾಕುವುದು ನಮ್ಮ ಪಂಚಾಯಿತಿಯಲ್ಲೂ ಇದೆಯೆಂದು, ಅದಕ್ಕೆ ಅಷ್ಟು ದೊಡ್ಡ ಕಟ್ಟಡ ಬೇಕಿಲ್ಲವೆಂದು ಕೇಳುಗರು ಅಭಿಪ್ರಾಯಪಟ್ಟರು.

ಮೊದಲನೆಯ ಕಂತಿನಲ್ಲಿ ತಾವು ಬೆಂಗಳೂರಿನಲ್ಲಿ ನೋಡಿಬಂದ ಇಂಗ್ಲಿಷ್ ಚಿತ್ರವಿತ್ತು. ಆಳೆತ್ತರದ ಬೇಲಿಗಳ ಒಂದು ತೋಟದಲ್ಲಿ ಕತ್ತಿ ಕಟ್ಟಿದ ದೊರೆಯೊಬ್ಬ ದಾರಿ ತಪ್ಪಿ ಸಂಜೆಯವರೆಗೂ ಅಳುತ್ತ ಅಲೆದು ಕಡೆಗೆ ತನ್ನನ್ನೇ ತಾನು ಕಂಡುಕೊಳ್ಳುವುದನ್ನು ತಾವು ಕಣ್ಣೀರು ಬರುವಂತೆ ವರ್ಣಿಸಿದ್ದಿರಿ. ನಮ್ಮ ಡೇರೆಯ ಬಾಗಿಲಲ್ಲಿ ಕಡಲೆಕಾಯಿ ಮಾರುವ ದೊಡ್ಡತಾಯಮ್ಮ ಅದನ್ನು ಕೇಳಿ, “ಬೇಲಿ ತಾನೆ? ಕುಡ್ಲು ತಕ್ಕೊಂಡು ನಾಕೇಟು ಕೊಚ್ಚುದ್ರೆ ಈಚೆಗ್ ಬರಾಕಾಗಕಿಲ್ವಾ? ಅದ್ಯಾವ ದೊರೆನೋ ಕಾಣೆ, ಕೈಯಾಗೆ ಕತ್ತಿ ಮಡಿಕ್ಕೊಂಡು ಅಳ್ತಾನಂತೆ!” ಎಂದಳು. ಎರಡನೆಯ ಕಂತಿನ ಪತ್ತೇದಾರಿ ಚಿತ್ರದಲ್ಲಿ ಕಳ್ಳನೊಬ್ಬ ಊರಿನಡಿಯಲ್ಲೆಲ್ಲ ಕವಲು ಸುರಂಗ ತೋಡಿಸಿ ಪೊಲೀಸರನ್ನು ಸುತ್ತಿಸುತ್ತಾನಲ್ಲ, ಅದನ್ನು ಕೇಳಿದ ನಮ್ಮ ಆಪರೇಟರು ದ್ಯಾವಯ್ಯ, “ಅಷ್ಟು ದುಡ್ಡಿದ್ಮೇಲೆ ಕಳ್ತನ ಯಾಕಣ್ಣ? ಸುರಂಗ ತೋಡೋ ಕಂಟ್ರಾಕ್ಟೇ ಮಾಡ್ಕೊಂಡಿರ್ಬೋದಿತ್ತಲ್ಲ” ಎಂದ. ಇವು ತಮ್ಮ ವಿಮರ್ಶೆಯ ಮೇಲಿನ ವಿಮರ್ಶೆಗಳಲ್ಲ, ಸ್ವಾಮಿ. ತಮ್ಮ ಓದುಗರು ಯಾರೆಂದು ತಿಳಿಯಲಿ ಎಂದು ಬರೆದೆ.

ಮೂರನೆಯ ಕಂತಿಗೆ ತಾವು ಖುದ್ದಾಗಿ ಹೊಳೆನರಸೀಪುರಕ್ಕೆ ದಯಮಾಡಿಸಿ, ನಮ್ಮ ಡೇರೆಯಲ್ಲಿ ‘ಸುಳಿಕೋಟೆಯ ಸುಂದರಿ’ಯನ್ನು ನೋಡಿದಿರಿ. ಕಥೆ ಹೊಲದ ಬದುವಿನಷ್ಟು ನೇರವಾದದ್ದು. ದುಷ್ಟ ಮಂತ್ರಿ ರಾಜಕುಮಾರಿಯನ್ನು ಸುತ್ತಿನ ಮೇಲೆ ಸುತ್ತಿರುವ ಕೋಟೆಯಲ್ಲಿ ಬಚ್ಚಿಡುತ್ತಾನೆ. ಐದನೆಯ ರೀಲಿನಲ್ಲಿ ನಾಯಕ ಕೋಟೆಯ ಬಾಗಿಲಿಗೆ ಬರುತ್ತಾನೆ, ಆರನೆಯದರಲ್ಲಿ ಒಳಗೆ ಹೋಗುತ್ತಾನೆ, ಏಳರಲ್ಲಿ ದಾರಿ ತಪ್ಪುತ್ತಾನೆ, ಎಂಟರಲ್ಲಿ ಮಂತ್ರಿ ಭರ್ಜರಿ ಊಟ ಮಾಡುತ್ತ ನಗುತ್ತಾನೆ, ಒಂಬತ್ತರಲ್ಲಿ ನಾಯಕ ಅವನನ್ನು ಕೊಂದು ಸುಂದರಿಯನ್ನು ಹೊರಗೆ ಕರೆತರುತ್ತಾನೆ. ಉಳಿದದ್ದು ಮದುವೆ, ಹಾಡು.

ಆದರೆ ತಾವು ನೋಡಿದ್ದು ಹೀಗಲ್ಲ. ಹಂಚಿಕೆ ಕಂಪನಿಯವರು ಕನ್ನಡಾಭಿಮಾನದಿಂದ ರೀಲಿನ ಡಬ್ಬಗಳ ಮೇಲೆ ಕನ್ನಡ ಅಂಕಿಯನ್ನೇ ಬರೆದಿದ್ದರು. ನಮ್ಮ ೬ಕ್ಕೂ ೯ಕ್ಕೂ ಬಾಲ ಎತ್ತ ಸುತ್ತಿದೆ ಎಂಬುದರಲ್ಲಷ್ಟೇ ಭೇದವೆಂದು ತಮಗೆ ಹೇಳಬೇಕಾಗಿಲ್ಲ. ಬಸ್ಸಿನ ಮೇಲೆ ಊರೂರು ತಿರುಗಿದ ಡಬ್ಬಗಳು ಒಂದಕ್ಕೊಂದು ತಿಕ್ಕಿ, ಆ ಎರಡು ಬಾಲಗಳೂ ಅಳಿಸಿಹೋಗಿದ್ದವು. ರೀಲಿನ ತುದಿಯಲ್ಲಿದ್ದ ನಂಬರು ಎಂದೋ ಹರಿದಿತ್ತು. ದ್ಯಾವಯ್ಯ ಐದಾದ ಮೇಲೆ ಒಂಬತ್ತನ್ನು ಹಾಕಿದ, ಒಂಬತ್ತರ ಜಾಗಕ್ಕೆ ಆರನ್ನು. ಹೀಗಾಗಿ ಬಾಗಿಲಲ್ಲಿ ನಿಂತಿದ್ದ ನಾಯಕ ಒಳಗೆ ಕಾಲಿಡದೆಯೇ ಸುಂದರಿಯ ಕೈ ಹಿಡಿದು ಹೊರಗೆ ಬಂದ. ಸತ್ತ ಮಂತ್ರಿ ಒಂದು ರೀಲು ಕಳೆದ ಮೇಲೆ ಬಾಳೆಲೆ ಮುಂದೆ ಕೂತ. ಸುಂದರಿಯನ್ನು ಮನೆ ಸೇರಿಸಿದ್ದ ನಾಯಕ ಯಾವುದೋ ಸಾಮಾನು ಮರೆತವನಂತೆ ಮತ್ತೆ ಕೋಟೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಅದಾದ ಮೇಲೆ ಓಲಗ, ಮದುವೆ.

ಮಂತ್ರಿ ಊಟಕ್ಕೆ ಕೂತಾಗ ದೊಡ್ಡತಾಯಮ್ಮ ನೆಲದ ಟಿಕೆಟ್ಟಿನವರ ನಡುವಿನಿಂದ ಕೂಗಿದ್ದು ತಮ್ಮ ಕಿವಿಗೂ ಬಿದ್ದಿರಬೇಕು: “ಲೋ ದ್ಯಾವ, ಸತ್ತೋನು ಉಣ್ಣಕ್ ಕುಂತವ್ನಲ್ಲಲಾ!”

ದ್ಯಾವಯ್ಯ ಕ್ಯಾಬಿನ್ನಿನ ಕಿಂಡಿಯಿಂದಲೇ ಉತ್ತರ ಕೊಟ್ಟ: “ಅದು ಅವನ್ ತಿಥಿ ಊಟ ಕಣಮ್ಮೋ, ಸುಮ್ಕೆ ನೋಡು!”

ಡೇರೆಯೆಲ್ಲ ನಕ್ಕಿತು. ನಗದವರು ತಾವೊಬ್ಬರೇ. ತಾವು ಆ ಹೊತ್ತಿಗೆ ಟಾರ್ಚು ಹಿಡಿದು ಬರೆದುಕೊಳ್ಳುತ್ತಿದ್ದಿರಿ.

ಬರೆದದ್ದು ಮುಂದಿನ ವಾರ ಬಂತು. “ಇದುವರೆಗಿನ ಸುತ್ತುದಾರಿಯ ಚಿತ್ರಗಳಲ್ಲಿ ನಾಯಕನು ದಾರಿ ತಪ್ಪುತ್ತಿದ್ದನು, ಇಲ್ಲಿ ಕಾಲವೇ ದಾರಿ ತಪ್ಪಿದೆ. ಮುಕ್ತಿ ಮೊದಲು, ಬಂಧನ ಆಮೇಲೆ! ಮೃತನ ಭೋಜನವು ಭಾರತೀಯ ಚಿತ್ರರಂಗದ ಅತ್ಯಂತ ದಿಟ್ಟ ದೃಶ್ಯ. ಪ್ರದರ್ಶನವನ್ನು ನಿರ್ವಹಿಸಿದ ಶ್ರೀ ದ್ಯಾವಯ್ಯನವರು ಬರಿಯ ಆಪರೇಟರಲ್ಲ, ಕಲಾವಿದರು.” ಇದನ್ನು ಓದಿ ಹೇಳಿದಾಗ ದ್ಯಾವಯ್ಯ, “ಅಣ್ಣಾ, ಪೇಪರ್‌ನಾಗೂ ಯಾರೋ ಇಂದ್ಮುಂದ್ ಮಾಡವ್ರೆ ನೋಡು. ನನ್ನ ಬೈದಿರೋ ಪುಟ ಎಲ್ಲೈತೆ?” ಎಂದು ಕೇಳಿದ. ಅಂಥ ಪುಟವಿಲ್ಲ ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ಆಟದ ಮಾರನೆಯ ದಿನವೇ ಅವನು ಪೇಟೆಯಿಂದ ಕೆಂಪು ಬಣ್ಣ ತಂದು ಡಬ್ಬಗಳ ಮೇಲೆ ಆರು, ಒಂಬತ್ತು ಎಂದು ಅಕ್ಷರದಲ್ಲೇ ಬರೆದು ಮುಗಿಸಿದ್ದ.

ಆ ಡಬ್ಬಗಳೊಂದಿಗೆ ನಾವು ಚನ್ನರಾಯಪಟ್ಟಣಕ್ಕೆ ಹೋದೆವು. ತಮ್ಮ ಕೀರ್ತಿ ನಮಗಿಂತ ಮೊದಲ ಬಸ್ಸಿಗೇ ಹೋಗಿತ್ತು. ಯಾವತ್ತೂ ಡೇರೆಯ ಕಡೆ ತಲೆಹಾಕದ ವಕೀಲರು, ಮೇಷ್ಟರುಗಳು, ಹಾಸನದಿಂದ ಬಂದ ಕಾಲೇಜಿನವರು ಕುರ್ಚಿಗಳನ್ನೆಲ್ಲ ತುಂಬಿದರು. ದ್ಯಾವಯ್ಯ ಐದಾದ ಮೇಲೆ ಆರು ಹಾಕಿದ, ಏಳು ಹಾಕಿದ, ಮಂತ್ರಿ ಜೀವಂತವಾಗಿ ಊಟ ಮಾಡಿದ. ಆಗ ಕುರ್ಚಿಯವರು ಎದ್ದು ನಿಂತು, “ಮೋಸ! ಪೇಪರಿನಲ್ಲಿರುವ ಹಾಗಿಲ್ಲ! ಸತ್ತವನು ಎಲ್ಲಿ ಉಂಡ?” ಎಂದು ಕೂಗಿದರು. ಬೆಂಚು ಮುರಿದದ್ದು, ಬಾಟಲಿ ಹಾರಿದ್ದು ಅಂದೇ. ಮಾರನೆಯ ದಿನ ಕುರ್ಚಿಯ ಮಹನೀಯರ ಒತ್ತಾಯಕ್ಕೆ ಮಣಿದು ತಪ್ಪಿದ ಕ್ರಮದಲ್ಲೇ ಹಾಕಿದೆವು. ಆಗ ಬಾಗೂರಿನಿಂದ ಗಾಡಿ ಕಟ್ಟಿಕೊಂಡು ಬಂದಿದ್ದ ನೆಲದವರು ಎದ್ದು, “ಲೇ, ನಾವೇನು ದನ ಕಾಯೋಕ್ ಬಂದಿವೇನ್ಲಾ? ನೆಟ್ಟಗೆ ಆಕ್ಲಾ ರೀಲಾ!” ಎಂದು ಡೇರೆಯ ಹಗ್ಗಕ್ಕೆ ಕೈ ಹಾಕಿದರು. ಕಡೆಗೆ ಮೊದಲನೆಯ ಆಟ ಕಥೆಯಿದ್ದಂತೆ, ಎರಡನೆಯ ಆಟ ವಿಮರ್ಶೆಯಿದ್ದಂತೆ ಎಂದು ಬೋರ್ಡು ಬರೆಸಿ ಹಾಕಿದ ಮೇಲೆ ಊರು ತಣ್ಣಗಾಯಿತು. ನನ್ನ ಗಲ್ಲಾಪೆಟ್ಟಿಗೆ ಆ ವಾರ ತುಂಬಿತೆಂಬುದನ್ನು ಮುಚ್ಚಿಡುವುದಿಲ್ಲ, ಪುಣ್ಯಾತ್ಮರು ತಾವು.

ಇಷ್ಟಕ್ಕೇ ಬಿಟ್ಟಿದ್ದರೆ ಈ ಕಾಗದವನ್ನು ನಾನು ಬರೆಯುತ್ತಿದ್ದೆನೆ? ತಾವು ಹಾಸನದ ಖಾಯಂ ಥಿಯೇಟರಿನ ಧಣಿ ಕೃಷ್ಣಪ್ಪನವರಿಗೆ ದ್ಯಾವಯ್ಯನ ಕಲೆಯ ಬಗ್ಗೆ ಶಿಫಾರಸು ಮಾಡಿದಿರಿ. ಅವರು ಕಾರು ಕಳಿಸಿದರು. ಮೊದಲ ದಿನ ಹಾರ ಹಾಕಿದರು. ತಗಡಿನ ಕ್ಯಾಬಿನ್ನಿನಲ್ಲಿ ಬೇಯುತ್ತಿದ್ದವನಿಗೆ ಹೆಂಚಿನ ಮನೆ, ಅವನ ಹೆಂಡತಿ ಮಾಯಮ್ಮನಿಗೆ ಬಾಗಿಲಲ್ಲೇ ನಲ್ಲಿ. ಡೇರೆ ಹೊಲಿಸಿದ ದಿನದಿಂದ ಜೊತೆಗಿದ್ದವನನ್ನು ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. “ಹೋಗಯ್ಯ, ನಲ್ಲಿ ನೀರಾದ್ರೂ ಕುಡಿ” ಎಂದು ನಾನೇ ಬಸ್ಸು ಹತ್ತಿಸಬೇಕೆಂದಿದ್ದೆ, ಅದಕ್ಕೂ ಕಾರು ಬಂದುಬಿಟ್ಟಿತು.

ಅಲ್ಲಿ ದ್ಯಾವಯ್ಯ, ತನಗೆ ಗೊತ್ತಿದ್ದ ಕೆಲಸವನ್ನು, ಗೊತ್ತಿದ್ದ ಹಾಗೆಯೇ ಮಾಡಿದ. ಡಬ್ಬಗಳ ಮೇಲೆ ಇಂಗ್ಲಿಷ್ ಅಂಕಿ. ಆ ಭಾಷೆಯಲ್ಲೂ ಆರನ್ನು ತಲೆಕೆಳಗು ಮಾಡಿದರೆ ಒಂಬತ್ತೇ ಆಗುತ್ತದೆಂದು ಕಂಡುಕೊಂಡು, ಒಂದೊಂದಕ್ಕೂ ಅಡಿಗೀಟು ಎಳೆದು, ಒಂದು ರೀಲೂ ತಪ್ಪದಂತೆ ಓಡಿಸಿದ. ಧಣಿಗಳು ಕಾದರು. ಸತ್ತವರು ಸತ್ತೇ ಇದ್ದರು. ಮದುವೆಯಾದ ಮೇಲೆಯೇ ಮಕ್ಕಳಾದವು. ಕಡೆಗೆ ತಾವು ಹೋಗಿ ನೋಡಿ ಬರೆದಿರಿ: “ಶ್ರೀ ದ್ಯಾವಯ್ಯನವರ ಕೈಯಲ್ಲಿ ಹಿಂದಿನ ಮಾಂತ್ರಿಕತೆ ಉಳಿದಿಲ್ಲ, ಒಂದಾದ ಮೇಲೆ ಎರಡು ಬರುವ ಹಳೆಯ ಜಾಡಿಗೆ ಬಿದ್ದಿದ್ದಾರೆ.” ಕೃಷ್ಣಪ್ಪನವರು ಅವನನ್ನು ಕರೆಸಿ, “ಏನಯ್ಯಾ, ಸರಿಯಾಗಿ ತೋರಿಸೋಕೆ ನೀನೇ ಬೇಕಾಗಿತ್ತಾ?” ಎಂದು ಕೇಳಿ ಲೆಕ್ಕ ತೀರಿಸಿದರು.

ಈಗ ದ್ಯಾವಯ್ಯ ಟ್ರಂಕು ಹೊತ್ತು ಅರಕಲಗೂಡಿಗೆ ಬಂದಿದ್ದಾನೆ. ಇಲ್ಲಿ ನನ್ನ ಡೇರೆ ನಿಂತಿದೆ, ಲೈಸೆನ್ಸು ಕೈಯಲ್ಲಿದೆ, ಅದರ ವಾಯಿದೆ ಓಡುತ್ತಿದೆ, ಡಬ್ಬಗಳು ಬಂದಿವೆ. ಆಪರೇಟರು ಮಾತ್ರ ಮಿಷನ್ನಿಗೆ ಬೆನ್ನು ಮಾಡಿ ಕೂತಿದ್ದಾನೆ. “ತಪ್ ಮಾಡ್ದಾಗ ಕತ್ಗೆ ಆರ ಆಕುದ್ರು, ಸರಿ ಮಾಡ್ದಾಗ ಈಚಿಗ್ ಅಟ್ಟುದ್ರು. ನಂಗೀಗ ಯಾವ ಡಬ್ಬ ಮೊದ್ಲು ಅಂತ್ಲೇ ತಿಳೀದು ಕಣಣ್ಣ. ಅವತ್ತು ಆಗಿದ್ದು ತಪ್ಪು ಅಂತ ಆ ಪೇಪರ್ ಸ್ವಾಮಿಗೋಳು ಒಂದ್ ಗೆರೆ ಬರೀಲಿ, ಆಮ್ಯಾಕೆ ಮಿಷನ್ ಮುಟ್ತೀನಿ” ಎನ್ನುತ್ತಾನೆ. ನಾನು ಹೇಳಿದೆ, ಮಾಯಮ್ಮ ಹೇಳಿದಳು. “ನೀವ್ ಏಳುದ್ರೆ ಆಯ್ತದಾ? ಕಲಾವಿದ ಅಂತ ಅಚ್ಚಾಗೈತೆ, ತಪ್ಪು ಅಂತ್ಲೂ ಅಚ್ಚಾಗ್ಬೇಕು” ಎಂಬುದೇ ಅವನ ಉತ್ತರ. ಆಪರೇಟರ್ ಲೈಸೆನ್ಸಿರುವುದು ಅವನಿಗೊಬ್ಬನಿಗೇ, ನಾನು ಮಿಷನ್ನು ಮುಟ್ಟಿದರೆ ಟಾಕೀಸಿನ ಲೈಸೆನ್ಸೇ ಹೋಗುತ್ತದೆ. ಸಂಜೆಯಾದರೆ ಜನ ಬಂದು ಕತ್ತಲೆಯ ಡೇರೆಯನ್ನು ನೋಡಿ ಹೋಗುತ್ತಿದ್ದಾರೆ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು. ತಾವು ದಯವಿಟ್ಟು ನಮ್ಮನ್ನು ಬೈದು ಬರೆಯಬೇಕು. ಕನ್ನಡದಲ್ಲಿ ಬೈಗುಳಕ್ಕೆ ಬರವಿಲ್ಲ, ಸಾಲದೆ ಬಂದರೆ ದೊಡ್ಡತಾಯಮ್ಮನಿಂದ ಕಳಿಸಿಕೊಡುತ್ತೇನೆ. ಹಾಗೆ ಬೈಯಲು ತಮ್ಮ ಘನತೆ ಒಪ್ಪದಿದ್ದರೆ, ಕನ್ನಡದ ಆರಕ್ಕೂ ಒಂಬತ್ತಕ್ಕೂ ಬೇರೆ ಬೇರೆ ಮುಖ ಕೊಡಿಸಬೇಕೆಂದು ಸಾಹಿತ್ಯ ಪರಿಷತ್ತಿಗೆ ಒಂದು ಮನವಿ ಬರೆಯಬೇಕು. ಅದೂ ಆಗದಿದ್ದರೆ, ತಾವೇ ಒಂದು ಆಪರೇಟರ್ ಲೈಸೆನ್ಸು ಮಾಡಿಸಿಕೊಂಡು ಅರಕಲಗೂಡಿಗೆ ಬಂದು, ಮೊದಲು ಮಂಗಳ, ಆಮೇಲೆ ಕಥೆ, ಕೊನೆಗೆ ಹೆಸರುಗಳು ಎಂಬ ಕ್ರಮದಲ್ಲಿ ತಮಗೆ ತೋಚಿದಂತೆ ಓಡಿಸಬೇಕು. ನೆಲದವರಿಗೆ ಉತ್ತರ ಕೊಡುವ ಜವಾಬ್ದಾರಿಯೂ ತಮ್ಮದೇ. ಇವೆಲ್ಲ ಕಷ್ಟವೆಂದು ಕಂಡರೆ, ‘ಅಂದು ಹೊಳೆನರಸೀಪುರದಲ್ಲಿ ರೀಲು ತಪ್ಪಿತ್ತು, ಆಪರೇಟರು ಅದನ್ನು ಮಾರನೆಯ ದಿನವೇ ಸರಿಪಡಿಸಿದರು’ ಎಂಬ ಒಂದು ಸಾಲು ಸಾಕು. ಇದರಿಂದ ತಮ್ಮ ಲೇಖನಮಾಲೆಯ ಗೌರವಕ್ಕೆ ಕುಂದು ಬರುವುದಾದರೆ, ದಾರಿ ತಪ್ಪುವ ಚಿತ್ರಗಳನ್ನು ನೋಡುವಾಗ ವಿಮರ್ಶಕರೂ ಒಂದು ತಿರುವು ತಪ್ಪಿದರೆಂದು ಓದುಗರು ಅದನ್ನೂ ಮೆಚ್ಚಿಯಾರು.

ಆ ಸಾಲಿನ ದಾರಿ ಕಾಯುತ್ತಿರುವ, ತಮ್ಮ ಹೊಗಳಿಕೆಯಿಂದ ದ್ಯಾವಯ್ಯ ಬೇಗ ಗುಣವಾಗಲೆಂದು ಹಾರೈಸುವ,
ತಮ್ಮ ವಿಶ್ವಾಸಿ,
ಲಕ್ಕಯ್ಯ
ಟೂರಿಂಗ್ ಟಾಕೀಸಿನ ಮಾಲೀಕ

ತಾ.ಕ.: ಈ ವ್ಯವಹಾರದಲ್ಲಿ ಯಾರಿಗೇನು ಬಂತೆಂದು ಕೂಡಿಸಿ ನೋಡಿದೆ. ತಮಗೆ ಹಾಸನದ ಕಾಲೇಜಿನಲ್ಲಿ ಒಂದು ಭಾಷಣ, ಒಂದು ಶಾಲು. ಹಂಚಿಕೆ ಕಂಪನಿಗೆ, ತಮ್ಮ ಮಾತನ್ನು ದಪ್ಪಕ್ಷರದಲ್ಲಿ ಹಾಕಿದ ಹೊಸ ಪೋಸ್ಟರು. ಕೃಷ್ಣಪ್ಪನವರಿಗೆ, ಅಡಿಗೀಟು ಎಳೆದ ಡಬ್ಬಗಳು. ಮಾಯಮ್ಮನಿಗೆ ಮೂರು ವಾರದ ನಲ್ಲಿ ನೀರು. ದೊಡ್ಡತಾಯಮ್ಮನಿಗೆ, ಮಧ್ಯೆ ಮಧ್ಯೆ ಜನ ಎದ್ದು ಜಗಳಕ್ಕೆ ನಿಂತದ್ದರಿಂದ ಕಡಲೆಕಾಯಿ ವ್ಯಾಪಾರ. ನನಗೆ ಒಂದು ವಾರದ ಗಲ್ಲಾ, ಮತ್ತು ಆಪರೇಟರು ವಾಪಸ್ಸು. ದ್ಯಾವಯ್ಯನ ಹೆಸರಿನ ಮುಂದೆ ಇನ್ನೂ ಏನೂ ಬರೆದಿಲ್ಲ. ತಮ್ಮ ಪತ್ರಿಕೆ ಶುಕ್ರವಾರ ಬರುತ್ತದೆ.