ವಿಮಾನ ಹಿಡಿದವರೂ ನನ್ನ ಕ್ಷೌರದ ಕತ್ತಿಯೂ

ಕ್ಷೌರದಂಗಡಿ ಇಟ್ಟವನ ಹತ್ರಕ್ಕೆ ದೇಶದ ಕಷ್ಟವೆಲ್ಲ ತಾನಾಗೇ ಬಂದು ಕುರ್ಚಿ ಮೇಲೆ ಕೂರುತ್ತೆ, ಕರೀಬೇಕಾಗಿಲ್ಲ. ನಾನು ಶಾಲೆ ಮೆಟ್ಟಿಲು ಹತ್ತಿದವನಲ್ಲ. ನಾನು ಹೇಳ್ತೀನಿ, ಮೊಮ್ಮಗಳು ಬರೀತಾಳೆ. ಸುಳ್ಳೇನಾದ್ರೂ ಇದ್ರೆ ಅದು ಅವಳದು.

ಎಂಬತ್ತನೇ ಇಸವಿ ಆಚೀಚೆಯ ಮಾತು. ಉಗ್ರಗಾಮಿಗಳು ವಿಮಾನ ಹಿಡ್ಕೊಂಡು, ಜನರ ಸಮೇತ ಗಡಿಯಾಚೆ ಇಳಿಸಿಬಿಟ್ಟಿದ್ರು. ಮಿಲಿಟರಿ ನುಗ್ಗಿಸೋದಾ, ಮಾತಾಡಿ ಬಿಡಿಸ್ಕೊಳ್ಳೋದಾ ಅಂತ ಊರೂರೇ ಎರಡು ಪಾರ್ಟಿ. ನನ್ನ ಒಬ್ಬನೇ ಮಗ ಆಗ ಗಡೀಲಿ ಮಿಲಿಟರಿಯವನು. ಯುದ್ಧ ಅನ್ನೋ ಮಾತು ಕೇಳಿದ್ರೆ ಎದೆ ಧಸಕ್ ಅನ್ನೋದು. ತೋರಿಸ್ಕೊಳ್ಳೋ ಗಂಡು ನಾನಲ್ಲ.

ಶಿರಾ ಗೇಟಿನ ನನ್ನ ಅಂಗಡಿ

ಒಬ್ಬ ರಿಟೈರ್ಡ್ ಹವಾಲ್ದಾರ್ ಗಡ್ಡಕ್ಕೆ ಕೂತಿದ್ರು. ಬೆಂಚಿನ ಮೇಲೆ ಒಬ್ಬ ಮೇಷ್ಟ್ರು. ರೇಡಿಯೋ ವಾರ್ತೆ ಮುಗೀತಿದ್ದಂಗೇ ಹವಾಲ್ದಾರ್ರು, "ನುಗ್ಗಿ ಹೊಡೀಬೇಕು! ಮಾತೇನ್ರೀ ಮಾತು?" ಅಂದ್ರು.

ಮೇಷ್ಟ್ರು, "ಒಳಗಿರೋರು ಸತ್ರೆ?" ಅಂದ್ರು.

"ನಾಲ್ಕು ಜನ ಸತ್ರೂ ಪರ್ವಾಗಿಲ್ಲ!"

ಆ ನಾಲ್ಕರಲ್ಲಿ ನನ್ನ ಮಗನ ಮುಖ ಕಾಣಿಸ್ತು. ಕತ್ತಿ ಅವರ ಗಂಟಲ ಹತ್ರ ಇತ್ತು, ಅಲ್ಲೇ ನಿಲ್ಲಿಸ್ದೆ. "ಸ್ವಾಮಿ, ಆ ನಾಲ್ಕರಲ್ಲಿ ಮೊದಲ್ನೇವ್ರು ಯಾರು?"

ಹವಾಲ್ದಾರ್ರು ಉಗುಳೂ ನುಂಗದೆ ಪಿಸುಗುಟ್ಟಿದ್ರು: "ಮಾತುಕತೇಗೂ ಒಂದು ಅವಕಾಶ ಕೊಡ್ಬೇಕು ಕಣಪ್ಪ."

ಗುಬ್ಬಿಯ ಮದುವೆಮನೆ

ಮಾರನೇ ದಿನ ಗುಬ್ಬೀಲಿ ಮದುಮಗನ ಕ್ಷೌರ. ಅರ್ಧ ಗಡ್ಡ ತೆಗೆದಿದ್ದೆ. ಅಷ್ಟರಲ್ಲಿ ಹೆಣ್ಣಿನಪ್ಪ, "ಮಾತುಕತೆ ಅನ್ನೋರೆಲ್ಲ ಹೇಡಿಗಳು" ಅಂದ. ಗಂಡಿನ ಸೋದರಮಾವ, "ಯಾರ್ಲಾ ಹೇಡಿ? ನಿನ್ನ ಮಗಳೇ ಬೇಡ, ನಡೀರೋ!" ಅಂತ ಎದ್ದ. ತೋಳು ಮೇಲೇರಿದ್ವು. ಮುಹೂರ್ತ ಹತ್ರ ಬಂತು.

ನಾನು ಕತ್ತಿ ಮಡಚಿ ಜೇಬಿಗೆ ಹಾಕ್ದೆ. "ಇಬ್ರೂ ರಾಜಿ ಆಗೋವರ್ಗೂ ಇನ್ನೊಂದು ಕೆನ್ನೆ ಮುಟ್ಟಲ್ಲ."

ಅರ್ಧ ಗಡ್ಡದ ಗಂಡನ್ನ ಯಾವ ಪುರೋಹಿತ ಮಣೆ ಮೇಲೆ ಕೂರಿಸ್ತಾನೆ? ಎರಡೇ ನಿಮಿಷ, ಬೀಗರಿಬ್ರೂ ಎಲೆಯಡಿಕೆ ಬದಲಾಯಿಸ್ಕೊಂಡ್ರು. ಮದುಮಗ ಮಾತ್ರ ಬೆವರು ಒರೆಸ್ಕೊಂಡು ಅಂದ: "ವಿಮಾನದೊಳಗಿರೋರ ಕಷ್ಟ ಈಗ ಗೊತ್ತಾಯ್ತು ಕಣಣ್ಣ."

ಕುಣಿಗಲ್ಲಿನ ನಮ್ಮ ಜಗಲಿ

ಕೊನೆಗೆ ವಿಮಾನದವರೇನೋ ಬಿಡುಗಡೆ ಆದ್ರು. ಮಗನ ಕಾಗದ ಮಾತ್ರ ಬರ್ಲಿಲ್ಲ. ಕುಣಿಗಲ್ಲಿನ ಮನೇಲಿ ನನ್ನವಳು ಊಟ ಬಿಟ್ಟಿದ್ಲು. ನಾನು ಜಗಲೀಲಿ ಕೂತು, "ನನ್ನ ಮಗ ಒಂದೇ ಕೈಲಿ ಟ್ಯಾಂಕು ತಿರುಗಿಸ್ತಾನೆ" ಅಂತ ನೆರೆಹೊರೆಗೆ ಹೇಳ್ತಿದ್ದೆ.

ಮೂರನೇ ದಿನ ಪೋಸ್ಟ್‌ಮ್ಯಾನ್ ಬಂದ. ನಮಗೆ ಓದೋಕೆ ಬರಲ್ಲ, ಅವನೇ ಎಲ್ಲರೆದುರು ಗಟ್ಟಿಯಾಗಿ ಓದ್ದ: "ಅಪ್ಪಾ, ನಾನು ಸುಖವಾಗಿದೀನಿ, ಹೆದರ್ಕೋಬೇಡಿ. ಇಲ್ಲಿ ನನ್ನ ಕೆಲಸ ಬಂದೂಕಿನದಲ್ಲ, ಕತ್ತರಿಯದು. ಸಾಹೇಬ್ರ ಕ್ರಾಪು ನಾನೇ ಮಾಡೋದು."

ಜಗಲಿ ಕಿತ್ತುಹೋಗೋ ಹಂಗೆ ನಕ್ರು. ನನ್ನವಳು ಕಣ್ಣೊರೆಸ್ಕೊಂಡು ಒಳಗೆ ಹೋಗಿ, ನನ್ನದೇ ಕತ್ತಿ ತಂದು ಕೈಲಿಟ್ಲು.

"ಇದ್ಯಾಕೆ?"

"ಮಗ ಸುಖವಾಗಿದ್ರೆ ನಿಮ್ಮ ಮೀಸೆ ಕೊಡ್ತೀನಿ ಅಂತ ಯಡಿಯೂರಿನ ಸ್ವಾಮಿಗೆ ಹರಕೆ ಹೊತ್ತಿದ್ದೆ."

ಇಪ್ಪತ್ತು ವರ್ಷ ಎಣ್ಣೆ ಹಾಕಿ ಸಾಕಿದ ಮೀಸೆ! ಹುಲಿಯೂ ನೋಡಿ ದಾರಿ ಬಿಡ್ತಿತ್ತು. "ಲೇ, ಕೂತ್ಕೊಂಡು ಮಾತಾಡಿ ಬಗೆಹರಿಸ್ಕೊಳ್ಳಣ ಕಣೇ" ಅಂದೆ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡ್ಲು. "ಮಾತುಕತೆ ಎಲ್ಲ ಸ್ವಾಮಿ ಹತ್ರ ಮುಗ್ದೈತೆ. ನೀವೇ ಬೋಳಿಸ್ಕೋತೀರೋ, ಕತ್ತರಿ ಹಿಡ್ಕೊಂಡು ನಿಮ್ಮ ಮಿಲಿಟರಿ ಮಗನೇ ರಜಕ್ಕೆ ಬರೋವರ್ಗೂ ಕಾಯ್ಲೋ?"