ಮಾವನ ಹನ್ನೊಂದು ಕರ್ನಲ್‌ಗಳು

ನಮ್ಮ ಸೋದರಮಾವ ಈ ಜನ್ಮದಲ್ಲಿ ಏನನ್ನೂ ಎಸೆದವರಲ್ಲ. ಸಿಟ್ಟು ಬಂದಾಗ ತಟ್ಟೆಯನ್ನು ಕೂಡ! ಒಂಟಿಕೊಪ್ಪಲಿನ ಅವರ ಮನೆಯ ಅಟ್ಟದಲ್ಲಿ ಕೆಟ್ಟ ಮಿಕ್ಸಿಗಳಿವೆ, ಹಿಡಿ ಮುರಿದ ಛತ್ರಿಗಳಿವೆ, ಇಪ್ಪತ್ತು ವರ್ಷದ ಕ್ಯಾಲೆಂಡರುಗಳಿವೆ. ಕ್ಯಾಲೆಂಡರ್ ಯಾಕೆ ಮಾವ ಅಂದರೆ, "ಹಿಂದುಗಡೆ ಖಾಲಿ ಇದೆಯಲ್ಲ!" ಎನ್ನುತ್ತಾರೆ. ಇಂಥವರಿಗೆ ಏನು ಹೇಳುತ್ತೀರಿ?

ಇವರು ಎಪ್ಪತ್ತನೇ ವಯಸ್ಸಿನಲ್ಲಿ ಲಿನಕ್ಸ್ ಎಂಬ ಕಂಪ್ಯೂಟರ್ ತಂತ್ರಾಂಶ ಕಲಿತದ್ದು ಅತ್ತೆಗಾಗಿ. ಅತ್ತೆಗೆ ಬೆಳಗಿನ ಕಾಫಿ ಜೊತೆ ಪದಬಂಧ ಬೇಕೇ ಬೇಕು. ಕಣ್ಣು ಮಂಜಾಗುತ್ತ ಬಂದು ಪೇಪರಿನ ಅಕ್ಷರ ಕಾಣದಾದಾಗ, ಮಾವ ಅಟ್ಟದಿಂದ ಒಂದು ಮುದಿ ಕಂಪ್ಯೂಟರ್ ಇಳಿಸಿದರು. ಅದು ತಡೆದುಕೊಳ್ಳುತ್ತಿದ್ದದ್ದು ಲಿನಕ್ಸ್ ಒಂದನ್ನೇ, ನಾನೇ ಹಾಕಿಕೊಟ್ಟೆ. ಅಂದಿನಿಂದ ಸ್ನಾನ, ವಿಭೂತಿ, ಅಪ್‌ಡೇಟ್, ಆಮೇಲೆ ದಪ್ಪಕ್ಷರದ ಪದಬಂಧ!

ಕಳೆದ ವಾರ ಬೆಳಿಗ್ಗೆ ಫೋನು.

"ಕರ್ನಲ್ ಪ್ಯಾನಿಕ್ ಅಂತ ಬರ್ಕೊಂಡು ನಿಂತ್ಬುಟ್ಟಿದೆ ಕಣಮ್ಮ. ಗಾಬರಿ ಆಗೋವಂಥದ್ದು ನಾನೇನ್ ಮಾಡ್ದೆ?"

"ಅಪ್‌ಡೇಟ್ ಮಾಡುವಾಗ ಏನಾದ್ರೂ ಹೇಳ್ತಾ ಮಾವ?"

"ಏನೋ ಗೊಣಗ್ತು. ನಿಮ್ಮತ್ತೇನೂ ಗೊಣಗ್ತಾಳೆ, ಸಂಸಾರ ನಿಂತೋಗಿದ್ಯಾ?"

ಕರ್ನಲ್ ಅಂದರೆ ಕಂಪ್ಯೂಟರಿನ ಯಜಮಾನ. ಅದು ಎದ್ದರೆ ಮಿಕ್ಕಿದ್ದೆಲ್ಲ ಏಳುತ್ತದೆ. ಅಪ್‌ಡೇಟಿನಲ್ಲಿ ಆಗಾಗ ಹೊಸ ಯಜಮಾನ ಬರುತ್ತಾನೆ, ಹಳಬರು ತಾವಾಗಿಯೇ ಅಳಿದುಹೋಗುತ್ತಾರೆ. ಚಾಮರಾಜಪುರಂನಿಂದ ಸ್ಕೂಟರ್ ಹತ್ತಿ ಓಡಿದೆ. ಮಾವ ಪರದೆ ಮೇಲಿದ್ದ ಇಂಗ್ಲಿಷನ್ನೆಲ್ಲ ಹಳೇ ಕ್ಯಾಲೆಂಡರಿನ ಹಿಂದೆ ಕನ್ನಡಕ್ಷರದಲ್ಲಿ ಇಳಿಸಿಟ್ಟಿದ್ದರು. "ಕ್ಯಾಲೆಂಡರ್ ಉಪಯೋಗಕ್ಕೆ ಬಂತೋ ಇಲ್ವೋ?"

ಅತ್ತೆ ಕಾಫಿ ಹಿಡಿದು ಆಗಲೇ ಕೂತಿದ್ದರು. "ಇವತ್ತು ಪದಬಂಧ ಇಲ್ವೇನ್ರೀ?"

"ಇದೆ ಕಣೇ, ಐದೇ ನಿಮಿಷ," ಎಂದು ಮಾವ ಕುರ್ಚಿಯನ್ನು ನನ್ನತ್ತ ತಳ್ಳಿದರು. ಅತ್ತೆಗೆ ಉಳಿದಿದ್ದ ಹುಚ್ಚು ಅದೊಂದೇ.

ಯಾವ ಕರ್ನಲ್‌ನಿಂದ ಏಳಬೇಕೆಂದು ಆರಿಸುವ ಶುರುವಿನ ಪಟ್ಟಿ ತೆರೆದೆ. ಅಯ್ಯೋ ಶಿವನೇ! ಹಳೇ ಕರ್ನಲ್‌ಗಳು ಹನ್ನೊಂದು! ಸಾಲದ್ದಕ್ಕೆ ಯಾವುದನ್ನೂ ಅಳಿಸಬಾರದೆಂದು ಮಾವ ಗುರುತು ಹಾಕಿಟ್ಟಿದ್ದರಂತೆ.

"ಅಷ್ಟು ದಿನ ದುಡಿದೋರನ್ನ ಆಚೆ ಹಾಕಕ್ಕಾಗುತ್ತಾ?"

ಜಾಗ ಭರ್ತಿಯಾಗಿ ಹೊಸದು ಅರ್ಧಂಬರ್ಧ ಕೂತಿತ್ತು. ಪಟ್ಟಿಯಿಂದ ಅದರ ಹಿಂದಿನದನ್ನು ಆರಿಸಿದೆ. ಕಂಪ್ಯೂಟರ್ ಎದ್ದಿತು.

"ನೋಡ್ದಾ! ಹಳೇದೇ ಕೈ ಹಿಡೀತು!"

"ಕೈ ಕೊಟ್ಟಿದ್ದೂ ಹಳೇದೇ ಮಾವ!"

ಒಂಬತ್ತನ್ನು ಅಳಿಸಿದೆ. ಮಾವ ಒಂದೊಂದರ ನಂಬರನ್ನೂ ಕ್ಯಾಲೆಂಡರಿನ ಹಿಂದೆ ಬರೆದುಕೊಂಡು "ಹೋಗ್ಬಾಪ್ಪ" ಎಂದು ಬೀಳ್ಕೊಟ್ಟರು. ಹೊಸದನ್ನು ಸರಿಯಾಗಿ ಕೂರಿಸಿ ಪದಬಂಧ ತೆರೆದೆ.

ಪರದೆ ತುಂಬ ನಾಲ್ಕೇ ಮನೆ. ಪೇಪರಿನದಲ್ಲ, ಮಾವನೇ ಹೆಣೆದದ್ದು. ಅವರು ತಮ್ಮಷ್ಟಕ್ಕೇ ಎಂಬಂತೆ ಓದಿದರು: "ಮದುವೆ ಆದ ಹೊಸದ್ರಲ್ಲಿ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ತಿಂದಿದ್ದು. ನಾಲ್ಕಕ್ಷರ."

"ಚುರುಮುರಿ ಕಣ್ರೀ. ಖಾರ ಹತ್ತಿ ಅತ್ತೋರು ನೀವು!" ಅತ್ತೆ ಜೋರಾಗಿ ನಕ್ಕರು. ನಗುವಾಗ ಅವರ ಮುಖ ಪರದೆ ಕಡೆಗಿರಲಿಲ್ಲ. ಪಕ್ಕದ ಗೋಡೆ ಕಡೆಗಿತ್ತು.

ಹೊರಡುವಾಗ ಗೇಟಿನ ಬಳಿ ಮೆಲ್ಲಗೆ ಕೇಳಿದೆ. "ಅತ್ತೆಗೆ ಅಷ್ಟು ದಪ್ಪಕ್ಷರಾನೂ ಕಾಣಲ್ಲ, ಅಲ್ವಾ ಮಾವ?"

"ಗೊತ್ತು ಕಣಮ್ಮ. ನಂಗೆ ಗೊತ್ತು ಅಂತ ಅವಳಿಗೂ ಗೊತ್ತು." ಮಾವ ನನ್ನ ಸ್ಕೂಟರಿನ ಧೂಳನ್ನು ಕೈಯಿಂದ ಒರೆಸಿದರು. "ನಾಳೆ ಇನ್ನೊಂಚೂರು ದಪ್ಪ ಮಾಡ್ತೀನಿ."