ವೆಹಿಮೆಂಟ್ ಎಂದರೆ ಎಂತ?

ಇಂಗ್ಲಿಷ್ ಕಲಿಸುವವನಿಗೆ ನಗಲು ಬೇರೆ ನಾಟಕ ಬೇಡ. ದಿನಕ್ಕೊಂದು ಕಣ್ಣೆದುರೇ ಆಗುತ್ತದೆ. ಸ್ಟಾಫ್ ರೂಮಿನವರೆಗೆ ನಗು ತಡೆದುಕೊಳ್ಳುವುದೇ ಕಷ್ಟ. ಐವತ್ತರ ದಶಕದಲ್ಲಿ ನಾನು ಬಿಜೈ ಕಡೆಯ ಒಂದು ಹೈಸ್ಕೂಲಿನಲ್ಲಿ ಮಾಸ್ಟ್ರಾಗಿದ್ದೆ. ಆಗ ‘ಡೈರೆಕ್ಟ್ ಮೆಥಡ್’ ಎಂಬುದೊಂದು ವಕ್ಕರಿಸಿತ್ತು. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಮಾತಾಡಬಾರದು. ಶಬ್ದದ ಅರ್ಥ ಹೇಳಬಾರದು, ತೋರಿಸಬೇಕು. ಕುರ್ಚಿ, ಕಿಟಕಿ ತೋರಿಸಿದ್ದಾಯಿತು. ಆಮೇಲೆ ಪುಸ್ತಕದಲ್ಲಿ ‘ವೆಹಿಮೆಂಟ್’ ಬಂತು. ಆವೇಶದ, ರಭಸದ ಎಂದರ್ಥ. ಅದನ್ನು ಎಲ್ಲಿಂದ ತಂದು ತೋರಿಸುವುದು?

ನನ್ನ ಪ್ರಯತ್ನ

“ನೋ! ನೋ! ನೋ!” ಎಂದು ಅರಚಿ ಮೇಜಿಗೆ ಗುದ್ದಿದೆ. ಕೈ ಊದಿತು. “ಈಗ ಹೇಳಿ, ವೆಹಿಮೆಂಟ್ ಎಂದರೇನು?” ಎಂದು ಇಂಗ್ಲಿಷಿನಲ್ಲೇ ಕೇಳಿದೆ.

ಇಡೀ ತರಗತಿ ಒಂದೇ ಸ್ವರದಲ್ಲಿ ಹೇಳಿತು: “ಟೇಬಲ್, ಸಾರ್!”

ಕುದ್ರೋಳಿಯ ದೂರು

ಮರುದಿನ ಕುದ್ರೋಳಿಯಲ್ಲಿ ಜಿನಸಿನ ಅಂಗಡಿ ಇಟ್ಟಿದ್ದ ಬ್ಯಾರಿಯೊಬ್ಬರು ಬಂದರು. “ಮಾಸ್ಟ್ರೇ, ನಮ್ಮ ಹುಡುಗನಿಗೆ ಎಂತ ಕಲಿಸಿದ್ದು? ನಿನ್ನೆಯಿಂದ ನೋ ನೋ ಅಂತ ಬೊಬ್ಬೆ ಹೊಡೆದು ಅಂಗಡಿಯ ಮೇಜಿಗೆ ಗುದ್ದುತ್ತಾನೆ.”

“ಅದು ಇಂಗ್ಲಿಷ್ ಪಾಠ” ಎಂದೆ.

ಅವರ ಮುಖ ಸಣ್ಣದಾಯಿತು. “ಇಂಗ್ಲಿಷಾ? ಅಯ್ಯೋ ಮಾರಾಯ್ರೆ, ನಾನು ಪೋಕರಿತನ ಅಂತ ಎರಡು ಬಾರಿಸಿಬಿಟ್ಟೆ!”

ಇನ್ಸ್‌ಪೆಕ್ಟರು ಬಂದದ್ದು

ನಮ್ಮಲ್ಲಿ ಇಂಗ್ಲಿಷ್ ಕಲಿಸುವ, ಕುಲಶೇಖರದ ಕೊಂಕಣಿ ಮಾತಿನ ಟೀಚರೊಬ್ಬರಿದ್ದರು. ಮನೆ ನಡೆಯುತ್ತಿದ್ದದ್ದು ಅವರ ಸಂಬಳದಲ್ಲೇ. ಕೆಲಸ ಮಾತ್ರ ಖಾಯಂ ಆಗಿರಲಿಲ್ಲ. ಇನ್ಸ್‌ಪೆಕ್ಟರು ಅವರ ಪಾಠ ಕೇಳಿ ಒಪ್ಪಿದರೆ ಉಂಟು, ಇಲ್ಲವಾದರೆ ಇಲ್ಲ. ಅವರ ಸ್ವರವೋ, ಪಕ್ಕದಲ್ಲಿ ನಿಂತರೂ ಕೇಳದು.

ಇನ್ಸ್‌ಪೆಕ್ಟರು ಹಿಂದಿನ ಬೆಂಚಿನಲ್ಲಿ ಕುಳಿತರು. ಪಕ್ಕದಲ್ಲಿ ಹೆಡ್‌ಮಾಸ್ಟ್ರು ಮತ್ತು ನಾನು. ಪುಸ್ತಕ ಬಿಡಿಸಿ, ಟೀಚರು ಕಲಿಸಬೇಕೆಂದು ಇನ್ಸ್‌ಪೆಕ್ಟರು ಆರಿಸಿದ ಶಬ್ದ ವೆಹಿಮೆಂಟ್. ಇವರ ಕೆಲಸ ಹೋಯಿತು ಎಂದು ನನಗೆ ನಿಜವಾಗಿಯೂ ಸಂಕಟವಾಯಿತು.

ಟೀಚರು ಏನೋ ಹೇಳಿದರು. ತುಟಿ ಅಲುಗಿದ್ದು ಕಂಡಿತು.

“ಲೌಡರ್!” ಎಂದರು ಇನ್ಸ್‌ಪೆಕ್ಟರು.

ತುಟಿ ಮತ್ತೆ ಅಲುಗಿತು.

ಇನ್ಸ್‌ಪೆಕ್ಟರು ಎದ್ದು ನಿಂತರು. ಮೆಥಡ್ ಮರೆತು, ಇಂಗ್ಲಿಷ್ ಮರೆತು, “ಎಂತದು? ಒಂದಕ್ಷರ ಕೇಳುವುದಿಲ್ಲ! ಜೋರು ಹೇಳಿ! ಜೋರು!” ಎಂದು ಕೆಂಪು ಮುಖದಲ್ಲಿ ಗರ್ಜಿಸಿದರು.

ಟೀಚರು ಹೆದರಲಿಲ್ಲ. ಅವರತ್ತ ಕೈತೋರಿಸಿ, ತಮ್ಮ ಮೆಲುದನಿಯಲ್ಲೇ, ಆದರೆ ಈ ಸಲ ಕೇಳುವಂತೆ, ಇಂಗ್ಲಿಷಿನಲ್ಲೇ ಮಕ್ಕಳಿಗೆ ಹೇಳಿದರು: “ಹಿಂದೆ ತಿರುಗಿ ನೋಡಿ. ವೆಹಿಮೆಂಟ್.”

ಇಡೀ ತರಗತಿ ತಿರುಗಿ ನೋಡಿತು.

ಇನ್ಸ್‌ಪೆಕ್ಟರು ಮೆಲ್ಲಗೆ ಕುಳಿತು ಹೆಡ್‌ಮಾಸ್ಟ್ರ ಕಿವಿಯಲ್ಲಿ ಹೇಳಿದರು: “ಇವರನ್ನು ಖಾಯಂ ಮಾಡಿ. ಮೊದಲು ಮಕ್ಕಳನ್ನು ಆಚೆ ತಿರುಗಲು ಹೇಳಿ.”